ಬರ್ಫ ಒಡೆಯುವುದು ಯಾರ ಕೆಲಸ?

ನಮ್ಮಲ್ಲೊಬ್ಬ ಗೆಳೆಯ ಇದ್ದಾನೆ. ಇಂಡಿ ತಾಲೂಕಿನ ಹಳ್ಳಿಯವನು, ಬಿ.ಎ. ಮಾಡಿದವನು. ಅವನ ಅವ್ವ ಮಂದಿಯ ಲಿಂಬಿ ತೋಟದಾಗ ಕಾಯಿ ಆರಿಸಿ, ಅಪ್ಪ ಸುಗ್ಗಿ ಬಂದಾಗ ಕಬ್ಬು ಕಡಿಯಾಕ ಹೋಗಿ ಅವನನ್ನು ಓದಿಸಿದರು. ಅವನು ಒಂದು ದೊಡ್ಡ ಊರಿನ ಕಂಪನಿಗೆ ಸಂದರ್ಶನಕ್ಕೆ ಹೋದ. ಮೇಜಿನ ಆಚೆ ಮೂವರು ಕುಂತಿದ್ದರು. ಅವರಲ್ಲೊಬ್ಬರು ನಗುತ್ತ ಇಂಗ್ಲಿಷಿನಲ್ಲಿ, ಮೊದಲು 'ಬ್ರೇಕ್ ದಿ ಐಸ್' ಮಾಡೋಣ ಎಂದರು. ನಮ್ಮ ಹುಡುಗ ಮೇಜಿನ ಮೇಲೆ ನೋಡಿದ. ನೀರಿನ ಗ್ಲಾಸು ಇತ್ತು, ಅದರೊಳಗೆ ಬರ್ಫ ಇರಲಿಲ್ಲ. 'ನೋ ಐಸ್ ಸರ್' ಎಂದ. ಮೂವರೂ ನಕ್ಕರು. ಆ ನಗೆ ನಿಂತ ಮೇಲೆ ಕೇಳಿದ ಪ್ರಶ್ನೆಗಳಿಗೆ ಅವನಿಗೆ ಉತ್ತರ ಗೊತ್ತಿದ್ದರೂ ಬಾಯಿ ಬರಲಿಲ್ಲ.

ರಾತ್ರಿ ಬಸ್ಸಿಗೆ ಊರಿಗೆ ಬಂದ. 'ಏನ್ ಕೇಳಿದ್ರೋ ತಮ್ಮಾ?' ಎಂದು ಅವ್ವ ಕೇಳಿದರೆ, 'ಬರ್ಫದ ಬಗ್ಗೆ ಕೇಳಿದ್ರವ್ವಾ' ಎಂದನಂತೆ. ಅವ್ವನಿಗೆ ಆಶ್ಚರ್ಯ. 'ಇಷ್ಟು ಓದಿದ ಮ್ಯಾಲ ಬರ್ಫದ ಬಗ್ಗೆ ಕೇಳ್ತಾರಾ?'

ಈ ನಗೆಯ ಬಗ್ಗೆ ನಾವು ಮಾತಾಡಬೇಕಾಗಿದೆ.

ಆ ಹುಡುಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ಬ್ರೇಕ್ ಅಂದರೆ ಒಡೆಯುವುದು, ಐಸ್ ಅಂದರೆ ಬರ್ಫ. ಎರಡೂ ಗೊತ್ತಿತ್ತು. ಟೆನ್ಸ್ ಗೊತ್ತಿತ್ತು, ಆಕ್ಟಿವ್ ವಾಯ್ಸ್ ಪ್ಯಾಸಿವ್ ವಾಯ್ಸ್ ಬಾಯಿಪಾಠ ಇತ್ತು. ಎರಡು ಶಬ್ದ ಕೂಡಿದರೆ ಮೂರನೆಯದೇ ಒಂದು ಅರ್ಥ ಹುಟ್ಟುತ್ತದೆ ಎಂಬುದೊಂದು ಗೊತ್ತಿರಲಿಲ್ಲ. ಹೊಸಬರ ನಡುವಿನ ಸಂಕೋಚ ಮುರಿದು ಮಾತು ಶುರು ಮಾಡುವುದಕ್ಕೆ ಇಂಗ್ಲಿಷರು ಹಾಗೆ ಅನ್ನುತ್ತಾರೆ. ಅವರ ದೇಶ ಚಳಿಯ ದೇಶ. ಹಿಂದಿನ ಕಾಲದಲ್ಲಿ ಚಳಿಗಾಲ ಬಂದರೆ ಹೊಳೆಯ ನೀರು ಹೆಪ್ಪುಗಟ್ಟುತ್ತಿತ್ತು. ಮುಂದಿನ ದೋಣಿ ಬರ್ಫ ಒಡೆದು ದಾರಿ ಮಾಡಿದರೆ ಹಿಂದಿನ ದೋಣಿಗಳು ಸಾಗುತ್ತಿದ್ದವು. ಆ ಮಾತು ಹುಟ್ಟಿದ್ದು ಅಲ್ಲಿ. ನಮ್ಮ ಭೀಮಾ ಹೊಳಿ ಬೇಸಿಗೆಯಲ್ಲಿ ಬತ್ತುತ್ತದೆ, ಮಳೆಗಾಲದಲ್ಲಿ ಊರಿಗೆ ನುಗ್ಗುತ್ತದೆ. ಎಂದಾದರೂ ಹೆಪ್ಪುಗಟ್ಟಿದ್ದುಂಟೇ? ನಾವು ಕಂಡ ಬರ್ಫ ಅಂದರೆ ಜಾತ್ರೆಯಲ್ಲಿ ಕಡ್ಡಿಗೆ ಸಿಗಿಸಿ ಕೊಡುವ ಕೆಂಪು ಬರ್ಫ. ಅದನ್ನು ಯಾರೂ ಒಡೆಯುವುದಿಲ್ಲ, ಚೀಪುತ್ತಾರೆ.

ನುಡಿಗಟ್ಟು ಅಂದರೆ ಇದೇ. ಅದು ಹುಟ್ಟುವುದು ಜನರ ಹವೆಯಲ್ಲಿ, ಅಡಿಗೆಮನೆಯಲ್ಲಿ, ದೇವರಲ್ಲಿ, ಜಗಳದಲ್ಲಿ. ಇಂಗ್ಲಿಷರಿಗೆ ಬಿಸಿ ಅಂದರೆ ಪ್ರೀತಿ. 'ವಾರ್ಮ್ ವೆಲ್ಕಮ್' ಅಂತಾರೆ. ತಣ್ಣಗೆ ಅಂದರೆ ತಿರಸ್ಕಾರ. 'ಕೋಲ್ಡ್ ಶೋಲ್ಡರ್' ಅಂತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅಜ್ಜಿ ಹರಸಿದರೆ 'ನಿನ್ನ ಹೊಟ್ಟಿ ತಣ್ಣಗಿರಲಿ' ಅಂತಾಳ. ಇಲ್ಲಿ ಬಿಸಿ ಅಂದರೆ ಸಿಟ್ಟು, ಉರಿ, ಸಂಕಟ. ಇನ್ನೊಂದು ನೋಡ್ರಿ. 'ಗಿವ್ ಮಿ ಎ ಹ್ಯಾಂಡ್' ಅಂದರೆ ಇಂಗ್ಲಿಷಿನಲ್ಲಿ ಸಹಾಯ ಕೇಳಿದಂತೆ. ಶಬ್ದಕ್ಕೆ ಶಬ್ದ ಕನ್ನಡಕ್ಕೆ ತಂದರೆ 'ನನಗ ಕೈ ಕೊಡು' ಎಂದಾಯಿತು. 'ಅಂವ ಕೈ ಕೊಟ್ಟ' ಅಂದರೆ ನಮ್ಮಲ್ಲಿ ನಡುನೀರಿನಾಗ ಬಿಟ್ಟು ಓಡಿ ಹೋದ ಅಂತ ಅರ್ಥ. ಒಂದೇ ಕೈ. ಅಲ್ಲಿ ಎತ್ತುತ್ತದೆ, ಇಲ್ಲಿ ಮುಳುಗಿಸುತ್ತದೆ. ಇದರಲ್ಲಿ ಯಾರ ಬುದ್ಧಿ ಹೆಚ್ಚು, ಯಾರದು ಕಡಿಮೆ?

ಹೊರರಾಜ್ಯದಿಂದ ಒಬ್ಬ ದೊಡ್ಡ ಸಾಹೇಬರು ನಮ್ಮ ಜಿಲ್ಲೆಗೆ ಬರುತ್ತಾರೆ ಅನ್ನೋಣ. ಅವರ ಮುಂದೆ ನಮ್ಮ ಹಿರಿಯನೊಬ್ಬ 'ತಪ್ಪಾಗಿದ್ರ ಹೊಟ್ಟಿಗೆ ಹಾಕ್ಕೊಳ್ರಿ ಸಾಹೇಬ್ರ' ಅಂತಾನ. ಸಾಹೇಬರಿಗೆ ತಿಳಿಯುವುದಿಲ್ಲ. ಆಗ ಯಾರಾದರೂ ನಗುತ್ತಾರೆಯೇ? ಇಡೀ ಕಚೇರಿ ಕೈಕಟ್ಟಿ ನಿಂತು ಅರ್ಥ ಬಿಡಿಸಿ ಹೇಳುತ್ತದೆ. 'ಸಾಹೇಬ್ರು ಕನ್ನಡ ಕಲಿಯಾಕತ್ತಾರ' ಎಂದು ಹೊಗಳುತ್ತದೆ. ಗೊತ್ತಿಲ್ಲದಿರುವುದು ಸಾಹೇಬರದಾದರೆ ಅದು ಕಲಿಕೆ. ಅದೇ ಕೇರಿಯ ಹುಡುಗನದಾದರೆ ಅದು ದಡ್ಡತನ, 'ಮೆರಿಟ್ ಇಲ್ಲ', 'ಕೋಟಾದವನು'. ಗೆಳೆಯರೇ, ಈ ಭೇದ ಭಾಷೆಯದಲ್ಲ. ಇದು ನಮಗೆ ಚೆನ್ನಾಗಿ ಗೊತ್ತಿರುವ ಹಳೆಯ ಭೇದ. ಈಗ ಟೈ ಕಟ್ಟಿಕೊಂಡು ಬಂದಿದೆ.

ಪರಭಾಷೆ ನಮ್ಮ ತಲೆಗೆ ಹತ್ತುವುದಿಲ್ಲ ಎನ್ನುವವರು ಸೊಲ್ಲಾಪುರದ ದಾರಿ ಹಿಡಿದು ನೋಡಲಿ. ನಮ್ಮ ಅಜ್ಜಂದಿರು ಸಾಲಿಯ ಕಟ್ಟಿ ಹತ್ತಿದವರಲ್ಲ. ಸೊಲ್ಲಾಪುರದ ಗಿರಣಿಗಳಲ್ಲಿ ದುಡಿದರು. ಮರಾಠಿ ಕಲಿತರು. ಬರೀ ಮಾತಲ್ಲ, ಮರಾಠಿಯ ಗಾದೆ, ಬೈಗುಳ, ಲಾವಣಿ, ನಗಚಾಟಿಕೆ ಎಲ್ಲ ಕಲಿತರು. ಯಾವ ಮಾಸ್ತರನೂ ಕಲಿಸಲಿಲ್ಲ. ಯಾಕ ಬಂತು? ಯಾಕಂದ್ರ ಅವರು ಮರಾಠಿ ಮಂದಿಯ ಜೋಡಿ ದುಡಿದರು, ರೊಟ್ಟಿ ಹರಕೊಂಡು ತಿಂದರು, ಜಗಳ ಆಡಿದರು, ಬಾಬಾಸಾಹೇಬರ ಭಾಷಣ ಕೇಳಾಕ ಕೂಡಿ ಹೋದರು. ನುಡಿಗಟ್ಟು ಬರುವುದು ಹಾಗೆ. ಪುಸ್ತಕದಿಂದ ಶಬ್ದ ಬರುತ್ತದೆ, ನುಡಿಗಟ್ಟು ಪಂಕ್ತಿಯಲ್ಲಿ ಕುಂತವರಿಗೆ ಬರುತ್ತದೆ. ನಮ್ಮನ್ನು ಯಾವ ಪಂಕ್ತಿಯಲ್ಲಿ ಕೂಡಿಸಿದ್ದಾರೆ? ಈ ನಾಡಿನಲ್ಲಿ ಇಂಗ್ಲಿಷ್ ಆಡುವ ಮನೆಗಳೊಳಗೆ ನಮ್ಮ ಅವ್ವಂದಿರು ಕಸ ಹೊಡೆಯಲು ಹೋಗಿದ್ದಾರೆ, ಉಣ್ಣಲು ಹೋಗಿಲ್ಲ. ಹೊಲ ಅಪ್ಪನಿಂದ ಮಗನಿಗೆ ಬರುವ ಹಾಗೆ ನುಡಿಗಟ್ಟು ಅಲ್ಲಿ ಮನೆಯಿಂದ ಮನೆಗೆ ಬರುತ್ತದೆ. ನಮಗೆ ಹೊಲವೂ ಬರಲಿಲ್ಲ, ಇದೂ ಬರಲಿಲ್ಲ.

ಇದು ಇಂದಿನ ಕಥೆಯೂ ಅಲ್ಲ. ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಓದುವಾಗ ಸಂಸ್ಕೃತ ಕಲಿಯಬೇಕೆಂದರು. ಅಸ್ಪೃಶ್ಯನಿಗೆ ಸಂಸ್ಕೃತ ಇಲ್ಲ ಎಂದರು. ಪಾರ್ಸಿ ಭಾಷೆ ತೆಗೆದುಕೊಳ್ಳಬೇಕಾಯಿತು. ಆ ಬಾಗಿಲು ಕಣ್ಣಿಗೆ ಕಾಣುವಂತೆ ಮುಚ್ಚಿತ್ತು. ಇಂಗ್ಲಿಷಿನ ಬಾಗಿಲು ತೆರೆದಿದೆ ಅಂತಾರೆ. ಹೌದು, ಪಡಸಾಲೆಯ ಬಾಗಿಲು ತೆರೆದಿದೆ. ಒಳಗಿನ ಕೋಣೆಗೆ ಇನ್ನೊಂದು ಬಾಗಿಲಿದೆ. ಅದರ ಬೀಗ ಕಾಣಿಸುವುದಿಲ್ಲ, ನಗೆ ಮಾತ್ರ ಕೇಳಿಸುತ್ತದೆ.

1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ, ದಲಿತರು ಇಂಗ್ಲಿಷ್ ಕಲಿಯಬೇಕು ಎಂದದ್ದು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವ ಮಾತೇ. ಆ ಒಂದು ಮಾತಿಗೆ ನಾಡೇ ಹೊತ್ತಿ ಉರಿಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಟ್ಟರು. ಆ ಬೆಂಕಿಯಿಂದಲೇ ನಮ್ಮ ಚಳವಳಿ ಎದ್ದು ಬಂತು. ಇವತ್ತು ಅದನ್ನು ಇನ್ನೊಂದು ಕಡೆಯಿಂದ ನೋಡಿರಿ. ಬೂಸಾ ಅಂದರೇನು? ದನ ಕಟ್ಟಿದವನಿಗೆ ಅದು ಬೈಗುಳಲ್ಲ, ಸಂತೆಯಲ್ಲಿ ರೊಕ್ಕ ಕೊಟ್ಟು ತರುವ ದನದ ತಿಂಡಿ. ದನಕ್ಕೆ ಅದು ಬೇಕು, ಮನುಷ್ಯನ ಹೊಟ್ಟೆಗೆ ಆಗದು. ಬಸವಲಿಂಗಪ್ಪನವರು ಆಡಿದ್ದು ಒಂದು ನುಡಿಗಟ್ಟು. ಅದನ್ನು ಅರ್ಥ ಮಾಡಿಕೊಳ್ಳಲು ಎಷ್ಟೋ ಮಂದಿ ಪಂಡಿತರಿಗೆ ಆಗಲಿಲ್ಲ! ಆಗ ಯಾರೂ ಪಂಡಿತರಿಗೆ ಮೆರಿಟ್ ಇಲ್ಲ ಅನ್ನಲಿಲ್ಲ.

ಇಂಗ್ಲಿಷಿನ ವಿಷಯ ಬಂದಾಗ ನಮ್ಮೊಳಗೇ ಎರಡು ಗುಂಪು. ಒಂದು ಗುಂಪು ಇಂಗ್ಲಿಷ್ ಬೇಡ, ಅದು ಸಾಮ್ರಾಜ್ಯಶಾಹಿಯ ಭಾಷೆ, ಕನ್ನಡ ಸಾಕು ಅನ್ನುತ್ತದೆ. ಹೀಗೆ ಹೇಳುವ ದೊಡ್ಡವರಲ್ಲಿ ಎಷ್ಟು ಮಂದಿಯ ಮಕ್ಕಳು ಕನ್ನಡ ಸಾಲಿಯಲ್ಲಿದ್ದಾರೆ ಎಂದು ಕೇಳಿದರೆ ಸಾಕು, ಚರ್ಚೆ ಮುಗಿಯುತ್ತದೆ. ಇನ್ನೊಂದು ಗುಂಪಿಗೆ ಇಂಗ್ಲಿಷೇ ದೇವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯ ಬಂಕಾ ಎಂಬ ಹಳ್ಳಿಯಲ್ಲಿ ನಮ್ಮ ಬಂಧುಗಳು 2010ರಲ್ಲಿ 'ಇಂಗ್ಲಿಷ್ ದೇವಿ'ಯ ಗುಡಿಗೆ ಅಡಿಗಲ್ಲು ಹಾಕಿದರು. ದೇವಿಯ ಕೈಯಲ್ಲಿ ಪೆನ್ನು, ಕಾಲ ಕೆಳಗೆ ಕಂಪ್ಯೂಟರು. ಅವರ ಸಿಟ್ಟು ನಮಗೆ ತಿಳಿಯುತ್ತದೆ. ಸಾವಿತ್ರಿಬಾಯಿ ಫುಲೆಯವರೇ 19ನೆಯ ಶತಮಾನದಲ್ಲಿ ಇಂಗ್ಲಿಷ್ ಕಲಿಯಿರಿ ಎಂದು ಮರಾಠಿಯಲ್ಲಿ ಕವಿತೆ ಬರೆದರು. ಆದರೆ ಗೆಳೆಯರೇ, ದೇವರಾದ ಮೇಲೆ ಪೂಜಾರಿ ಬಂದೇ ಬರುತ್ತಾನೆ. ಪೂಜಾರಿ ಬಂದ ಮೇಲೆ ಗರ್ಭಗುಡಿಯೊಳಗೆ ಯಾರು, ಹೊರಗೆ ಯಾರು ಎಂಬ ಪ್ರಶ್ನೆ ಬರುತ್ತದೆ. ನಮಗೆ ಇಂಗ್ಲಿಷ್ ದೇವಿಯಾಗಬೇಕಿಲ್ಲ, ಗುದ್ದಲಿಯಾದರೆ ಸಾಕು. ಗುದ್ದಲಿ ಇರುವುದು ಹಿಡಿದು ಅಗೆಯುವುದಕ್ಕೆ.

ಬರ್ರಿ, ಸ್ವಲ್ಪ ಅಗೆದು ನೋಡೋಣ.

'ಪರಾಯಾ' ಎಂಬ ಶಬ್ದ ಇಂಗ್ಲಿಷ್ ಪೇಪರಿನಲ್ಲಿ ಬರುತ್ತದೆ. ಜಗತ್ತು ದೂರ ಇಟ್ಟ ದೇಶವನ್ನು 'ಪರಾಯಾ ಸ್ಟೇಟ್' ಅಂತಾರೆ. ನಮ್ಮ ಗೈಡಿನಲ್ಲಿ ಇದಕ್ಕೆ 'ಬಹಿಷ್ಕೃತ' ಎಂದು ಅರ್ಥ ಕೊಟ್ಟು ಮುಂದೆ ಹೋಗುತ್ತಾರೆ. ಆ ಶಬ್ದ ಎಲ್ಲಿಂದ ಹೋಯಿತು? ತಮಿಳುನಾಡಿನ ಪರೈಯರ್ ಎಂಬ ನಮ್ಮ ಬಂಧುಗಳ ಹೆಸರಿನಿಂದ. ಪರೈ ಅಂದರೆ ಅವರು ಬಾರಿಸುವ ವಾದ್ಯ, ನಮ್ಮ ಹಲಗಿ ಇದ್ದ ಹಾಗೆ. ಬಿಳಿಯರು ಬಂದರು, ಇಲ್ಲಿಯ ಮೇಲ್ಜಾತಿಯವರು ಯಾರನ್ನು ದೂರ ಇಟ್ಟಿದ್ದಾರೆಂದು ನೋಡಿದರು, ಒಂದು ಜನರ ಹೆಸರನ್ನೇ ಬೈಗುಳ ಮಾಡಿ ಹಡಗಿನಲ್ಲಿ ಒಯ್ದರು. ಬೀದಿ ನಾಯಿಗೂ ಅದೇ ಹೆಸರು ಕಟ್ಟಿ 'ಪರಾಯಾ ಡಾಗ್' ಅಂದರು. ಅಂದ್ರ ನಾವು ಇಂಗ್ಲಿಷಿಗೆ ಹೊಸಬರೇನಲ್ಲ. ನಾವು ಎ ಬಿ ಸಿ ಡಿ ಕಲಿಯುವುದಕ್ಕೆ ಮೊದಲೇ ನಮ್ಮ ಕೇರಿ ಅದರ ಡಿಕ್ಷನರಿಯೊಳಗ ಹೋಗಿ ಕುಂತೈತಿ!

'ಅನ್‌ಟಚೆಬಲ್' ನೋಡಿರಿ. ಕ್ರಿಕೆಟ್ ಕಾಮೆಂಟ್ರಿಯಲ್ಲಿ ಒಬ್ಬ ಬೌಲರ್ ಚೆನ್ನಾಗಿ ಬೌಲ್ ಮಾಡಿದರೆ 'ಇವತ್ತು ಅವನು ಅನ್‌ಟಚೆಬಲ್' ಅಂತಾರೆ. ಯಾರೂ ಸರಿಗಟ್ಟಲಾರರು ಎಂಬ ಹೊಗಳಿಕೆ ಅದು. 1987ರಲ್ಲಿ ಅಮೇರಿಕದಲ್ಲಿ ಅದೇ ಹೆಸರಿನ ಸಿನಿಮಾ ಬಂತು. ಶಿಕಾಗೋದಲ್ಲಿ ಲಂಚಕ್ಕೆ ಬಗ್ಗದ ಅಧಿಕಾರಿಗಳ ಕಥೆ. ಅಲ್ಲಿ ಅನ್‌ಟಚೆಬಲ್ ಅಂದರೆ ಲಂಚ ಮುಟ್ಟದವನು. ಇಲ್ಲಿ ಅದೇ ಶಬ್ದಕ್ಕೆ ಸಂವಿಧಾನದ 17ನೆಯ ವಿಧಿ ಬರೆಯಬೇಕಾಯಿತು. ರೇಡಿಯೋದಲ್ಲಿ ಆ ಶಬ್ದ ಕೇಳಿ ನಮ್ಮ ಹುಡುಗ ಒಂದು ಕ್ಷಣ ಬೆಚ್ಚಿದರೆ ಅದು ಇಂಗ್ಲಿಷ್ ಬಾರದ್ದಕ್ಕಲ್ಲ. ಆ ಶಬ್ದದ ತೂಕ ಕಾಮೆಂಟ್ರಿಯವನಿಗಿಂತ ಅವನಿಗೆ ಹೆಚ್ಚು ಗೊತ್ತು.

ಮೂರನೆಯದು 'ಗುಡ್ ಸಮಾರಿಟನ್'. ನಮ್ಮ ದೇಶದ ಕಾಯದೆಯಲ್ಲೇ ಈ ಮಾತಿದೆ. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಒಯ್ದವರಿಗೆ ರಕ್ಷಣೆ ಕೊಡಲು 2019ರಲ್ಲಿ ಮೋಟಾರು ವಾಹನ ಕಾಯದೆಗೆ ಸೇರಿಸಿದ ಕಲಮಿನಲ್ಲಿ ಬರುತ್ತದೆ. ಗೈಡು ಹೇಳುವ ಅರ್ಥ 'ಪರೋಪಕಾರಿ'. ಇಷ್ಟೇ ಬರೆದರೆ ಮಾರ್ಕು ಬರುತ್ತದೆ, ಕಥೆ ಹೋಗುತ್ತದೆ. ಕಥೆ ಬೈಬಲ್ಲಿನದು. ಕಳ್ಳರು ಹೊಡೆದು ದಾರಿಯಲ್ಲಿ ಕೆಡವಿದ ಒಬ್ಬ ಮನುಷ್ಯ ಬಿದ್ದಿದ್ದಾನೆ. ಒಬ್ಬ ಪುರೋಹಿತ ಬರುತ್ತಾನೆ, ನೋಡಿ ಆಚೆ ಬದಿಗೆ ಸರಿದು ಹೋಗುತ್ತಾನೆ. ದೇವಾಲಯದ ಸೇವೆಯ ಕುಲದವನೊಬ್ಬ ಬರುತ್ತಾನೆ, ಅವನೂ ಹಾಗೇ ಹೋಗುತ್ತಾನೆ. ಮೂರನೆಯವನು ಬಂದು ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂಡಿಸಿಕೊಂಡು ಹೋಗಿ, ರೊಕ್ಕ ಕೊಟ್ಟು ಆರೈಕೆ ಮಾಡಿಸುತ್ತಾನೆ. ಅವನು ಸಮಾರ್ಯದವನು. ಸಮಾರ್ಯದವರು ಯಾರು? ಯೆಹೂದ್ಯರು ಹೀನರೆಂದು ದೂರ ಇಟ್ಟಿದ್ದ ಜನ. ಅದೇ ಬೈಬಲ್ಲಿನಲ್ಲಿ ಸಮಾರ್ಯದ ಒಬ್ಬ ಹೆಣ್ಣುಮಗಳು ಬಾವಿಗೆ ನೀರಿಗೆ ಬರುತ್ತಾಳೆ. ಯೇಸು ಅವಳ ಹತ್ತಿರ ನೀರು ಕೇಳುತ್ತಾನೆ. ಅವಳಿಗೆ ಆಶ್ಚರ್ಯವಾಗುತ್ತದೆ, ನೀನು ನನ್ನ ಕೈಯ ನೀರು ಕೇಳುತ್ತೀಯಾ ಎಂದು.

ಗೆಳೆಯರೇ, ಈ ಕಥೆ ನಮ್ಮ ಅವ್ವನಿಗೆ ಹೇಳಿರಿ. ಅವಳಿಗೆ ಟಿಪ್ಪಣಿ ಬೇಕಾಗುವುದಿಲ್ಲ. ಬಾವಿ ಗೊತ್ತು, ಪುರೋಹಿತ ಗೊತ್ತು, ಆಚೆ ಬದಿಗೆ ಸರಿದು ಹೋಗುವುದು ಗೊತ್ತು. ಕಾನ್ವೆಂಟಿನಲ್ಲಿ ಓದಿದವನು ಬಾಯಿಪಾಠ ಮಾಡಿದ ಈ ನುಡಿಗಟ್ಟನ್ನು ಹೊಲಗೇರಿಯ ಮುದುಕಿ ಅವನಿಗಿಂತ ಆಳವಾಗಿ ತಿಳಿಯಬಲ್ಲಳು. ನಾವು ಹೇಳಬೇಕೆಂದಿರುವುದು ಇದೇ. ಇಂಗ್ಲಿಷ್ ನುಡಿಗಟ್ಟು ನಮಗೆ ತಿಳಿಯದೇ ಇರುವುದು ನಮ್ಮ ತಲೆಯ ದೋಷದಿಂದಲ್ಲ. ಅದರ ಹಿಂದಿನ ಕಥೆಯನ್ನು ನಮಗೆ ಯಾರೂ ಹೇಳಲಿಲ್ಲ. ಕಥೆ ಹೇಳಿದರೆ ಅದು ನಮಗೆ ತಿಳಿಯುತ್ತದೆ, ಹೇಳಿದವನಿಗಿಂತ ಚೆನ್ನಾಗಿ ತಿಳಿಯುತ್ತದೆ.

ಇದು ಬರೀ ಕೆಲಸ ಹಿಡಿಯುವ ಮಾತಲ್ಲ. ಕೆಲಸವೂ ಬೇಕು. ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಮೇಲೆ ಪ್ರಶ್ನೆ ಕೇಳುತ್ತಾರೆ, ಒಂದೊಂದು ಮಾರ್ಕಿನಲ್ಲಿ ಒಂದೊಂದು ಮನೆಯ ಬದುಕು ಹೋಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಕಾರಣ ಬಾಬಾಸಾಹೇಬರನ್ನು ಓದುವುದು. 1936ರ ಅವರ 'ಜಾತಿ ವಿನಾಶ' ಪುಸ್ತಕವನ್ನು ನಾವು ನಾಲ್ಕು ಮಂದಿ ಇಂಗ್ಲಿಷಿನಲ್ಲೇ ಓದಬೇಕೆಂದು ಕುಂತೆವು. ನಡುವೆ 'ಡೆಲ್ಫಿ' ಎಂಬ ಶಬ್ದ ಬಂತು. ಗಾಡಿ ಅಲ್ಲೇ ನಿಂತಿತು. ಡೆಲ್ಫಿ ಅಂದರೆ ಊರೋ, ದೇವರೋ, ಮನುಷ್ಯನೋ? ಒಬ್ಬ ದಿಲ್ಲಿ ಇರಬೇಕೆಂದ. ಇನ್ನೊಬ್ಬ ಆ ಪುಟ ಬಿಟ್ಟು ಮುಂದೆ ಓದೋಣ ಎಂದ.

ಬಿಟ್ಟಿದ್ದರೆ ಏನು ಕಳಕೊಳ್ಳುತ್ತಿದ್ದೆವು ನೋಡಿರಿ. ಡೆಲ್ಫಿ ಅನ್ನುವುದು ಗ್ರೀಸ್ ದೇಶದ ದೇವಸ್ಥಾನ. ಅಲ್ಲಿ ದೇವರ ಹೇಳಿಕೆ ಆಗುತ್ತಿತ್ತು, ನಮ್ಮ ಕಡೆ ದೇವರು ಮೈಯಾಗ ಬಂದು ಹೇಳಿಕೆ ಆಗುವಂತೆ, ಮೈಲಾರದ ಕಾರಣಿಕ ನುಡಿಯುವಂತೆ. ಬಾಬಾಸಾಹೇಬರು ಹೇಳುವುದಿಷ್ಟು: ರೋಮಿನಲ್ಲಿ ಪ್ಲೆಬಿಯನ್ ಎಂಬ ಬಡ ಜನ ಹೋರಾಡಿ ತಮ್ಮವನೊಬ್ಬನನ್ನು ಅಧಿಕಾರಕ್ಕೆ ಆರಿಸುವ ಹಕ್ಕು ಪಡೆದರು. ಆದರೆ ಆರಿಸಿ ಬಂದವನು ದೇವತೆಗೆ ಒಪ್ಪಿಗೆಯೇ ಎಂದು ಡೆಲ್ಫಿಯ ಹೇಳಿಕೆ ಆಗಬೇಕು. ಅಲ್ಲಿಯ ಪೂಜಾರಿಗಳೆಲ್ಲ ಪೆಟ್ರಿಶಿಯನ್ ಎಂಬ ಮೇಲ್ವರ್ಗದವರು. ಗಟ್ಟಿ ಮನುಷ್ಯ ಆರಿಸಿ ಬಂದಾಗಲೆಲ್ಲ ದೇವತೆಗೆ ಒಪ್ಪಿಗೆ ಇಲ್ಲ ಎಂದು ಹೇಳಿಕೆ ಆಗುತ್ತಿತ್ತು! ಬಡವರು ದೇವರ ಮಾತೆಂದು ನಂಬಿ ಸುಮ್ಮನಾದರು. ಗೆದ್ದ ಹಕ್ಕನ್ನು ನಂಬಿಕೆಗೆ ಒಪ್ಪಿಸಿಬಿಟ್ಟರು.

ಇದು ತಿಳಿದಾಗ ನಾವು ನಾಲ್ವರೂ ಪುಸ್ತಕ ಮುಚ್ಚಿ ಒಬ್ಬರ ಮುಖ ಒಬ್ಬರು ನೋಡಿದೆವು. 1932ರ ಪುಣೆ ಒಪ್ಪಂದದ ನಂತರ ನಮ್ಮ ಮೀಸಲು ಕ್ಷೇತ್ರಗಳ ಗತಿ ಏನು? ನಿಲ್ಲುವವನು ನಮ್ಮವನು, ಗೆಲ್ಲಿಸುವ ಓಟುಗಳಲ್ಲಿ ಹೆಚ್ಚಿನವು ನಮ್ಮವಲ್ಲ. ಗಟ್ಟಿ ದನಿಯವನಿಗೆ ಟಿಕೆಟ್ಟು ಯಾಕ ಸಿಗುವುದಿಲ್ಲ? ಡೆಲ್ಫಿ ಎಲ್ಲಿದೆ ಎಂದು ಆಗ ಗೊತ್ತಾಯಿತು. ಗ್ರೀಸಿನಲ್ಲಿ ಮಾತ್ರ ಇಲ್ಲ. ಒಂದು ಹೆಸರು ತಿಳಿಯದೆ ಪುಟ ಬಿಟ್ಟಿದ್ದರೆ ನಮ್ಮ ಊರಿನ ರಾಜಕೀಯವೇ ನಮಗೆ ತಿಳಿಯುತ್ತಿರಲಿಲ್ಲ.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ನಾಲ್ಕು ಅಕ್ಷರ ಕಲಿತವರು ನಮ್ಮ ತಮ್ಮಂದಿರನ್ನು ನೋಡಿ ನಗುವುದಿಲ್ಲವೇ? 'ಸ್ಕೂಲ್' ಅನ್ನಲು ಬಾರದೆ 'ಇಸ್ಕೂಲ್' ಅಂದವನನ್ನು ಅಣಕಿಸಿಲ್ಲವೇ? ಸಭೆಗಳಲ್ಲಿ 'ಪ್ರತಿಗಾಮಿ', 'ಪ್ರಭುತ್ವ', 'ಸಾಂಸ್ಕೃತಿಕ ಯಾಜಮಾನ್ಯ' ಎಂದು ಭಾಷಣ ಬಿಗಿಯುವಾಗ ಮುಂದೆ ಕುಂತ ಅವ್ವಂದಿರ ಮುಖ ನೋಡಿದ್ದೇವೆಯೇ? ಅವರಿಗೆ ಅದು ಇಂಗ್ಲಿಷಿಗಿಂತ ಕಡಿಮೆಯೇ? ಅವರೂ ಅರ್ಥ ಕೇಳಲು ನಾಚಿ ಸುಮ್ಮನೆ ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಬಾಬಾಸಾಹೇಬರನ್ನು ನೋಡಿ ಕಲಿಯೋಣ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತಾಡುವಾಗ ಅವರು ಡೇನಿಯಲ್ ಓಕಾನೆಲ್ ಎಂಬವರ ಮಾತು ಎತ್ತಿದರು. ಬರೀ ಹೆಸರು ಹೇಳಿ ಹೆದರಿಸಲಿಲ್ಲ, ಐರ್ಲೆಂಡಿನ ದೇಶಭಕ್ತ ಎಂದು ಗುರುತು ಸೇರಿಸಿಯೇ ಹೇಳಿದರು. ದೊಡ್ಡ ವಿದ್ವಾಂಸನ ಲಕ್ಷಣ ಅದು. ಕೇಳುವವನನ್ನು ಸಣ್ಣವನನ್ನಾಗಿ ಮಾಡುವುದು ವಿದ್ಯೆಯಲ್ಲ, ಮಡಿ.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಸೂಚನೆಗಳು ಸಣ್ಣವು.

ಒಂದು, ತಿಳಿಯದ್ದನ್ನು ಅಲ್ಲೇ ಕೇಳಬೇಕು. 'ಆ ಮಾತು ನಮ್ಮ ಕಡೆ ಇಲ್ಲ ಸರ್, ಅರ್ಥ ಹೇಳ್ರಿ' ಎಂದು ತಲೆ ಎತ್ತಿ ಕೇಳಬೇಕು. ನಕ್ಕರೆ ನಗಲಿ. ಕೇಳಿದವನು ಕಲಿಯುತ್ತಾನೆ, ನಕ್ಕವನು ಅಲ್ಲೇ ಇರುತ್ತಾನೆ.

ಎರಡು, ಹಾಸ್ಟೆಲಿನಲ್ಲಾಗಲಿ, ಕೇರಿಯ ಅಂಬೇಡ್ಕರ್ ಭವನದಲ್ಲಾಗಲಿ ವಾರಕ್ಕೊಮ್ಮೆ ಹತ್ತು ಮಂದಿ ಕೂಡಿ ಒಂದು ವಹಿ ಇಡಬೇಕು. ಒಂದು ಕಡೆ ಇಂಗ್ಲಿಷ್ ನುಡಿಗಟ್ಟು, ಅದರ ಮುಂದೆ ಅರ್ಥ, ಅದರ ಮುಂದೆ ಯಾರು ಯಾರಿಗೆ ಆಡಿದ ಮಾತು ಎಂಬ ಕಥೆ. ಮೊಬೈಲಿನಲ್ಲಿ ಹುಡುಕಿದರೆ ಅರ್ಥ ಸಿಗುತ್ತದೆ, ಆದರೆ ಕಥೆ ಕೂಡಿ ಕುಂತರೇ ಬರುತ್ತದೆ. ಇನ್ನೊಂದು ಕಡೆ ನಮ್ಮ ಕೇರಿಯ ಮಾತು ಬರೆಯಬೇಕು. ನಮ್ಮ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಓದು ಬಾರದವರ ಬಾಯಲ್ಲೂ ಪುಸ್ತಕ ಇದೆ ಎಂದು ತೋರಿಸಿದರು. ಹಲಗಿ ಬಾರಿಸುವವರ ಮಾತು, ಚಪ್ಪಲಿ ಹೊಲಿಯುವವರ ಮಾತು, ಕಬ್ಬು ಕಡಿಯುವವರ ಮಾತು ಯಾರು ಬರೆಯಬೇಕು? ನಾವೇ ಬರೆಯಬೇಕು. ಅವರ ನುಡಿಗಟ್ಟು ಕಲಿಯುವಾಗ ನಮ್ಮದು ಮರೆತರೆ ಒಂದು ಕೈಗೆ ಬಂದದ್ದು ಇನ್ನೊಂದು ಕೈಯಿಂದ ಹೋದಂತೆ.

ಮೂರು, ನೌಕರಿ ಹಿಡಿದು ಊರು ಬಿಟ್ಟ ನಮ್ಮ ಅಣ್ಣಂದಿರು, ಅಕ್ಕಂದಿರು ಹಬ್ಬಕ್ಕೆ ಬಂದಾಗ ಬರೀ ಸಿಹಿ ತರಬೇಡಿರಿ. ನೀವು ಎಲ್ಲಿ ಎಡವಿದಿರಿ, ಯಾವ ಮಾತಿಗೆ ಮಂದಿ ನಕ್ಕರು, ಆಮೇಲೆ ಅದರ ಅರ್ಥ ಹೇಗೆ ತಿಳಿಯಿತು, ಅದನ್ನು ಹೇಳಿರಿ. ನಿಮ್ಮ ಒಂದು ಅವಮಾನದ ಕಥೆ ಹತ್ತು ಹುಡುಗರ ಅವಮಾನ ತಪ್ಪಿಸುತ್ತದೆ. ನಾಚಿಕೊಂಡು ಮುಚ್ಚಿಟ್ಟರೆ ಮುಂದಿನವನೂ ಅದೇ ಕಲ್ಲಿಗೆ ಎಡವುತ್ತಾನೆ.

ಆ ಬರ್ಫದ ಮಾತಿನ ಅರ್ಥ ನಮ್ಮ ಗೆಳೆಯನಿಗೆ ಈಗ ಗೊತ್ತಾಗಿದೆ. ಮುಂದಿನ ದೋಣಿ ಒಡೆದರೆ ಹಿಂದಿನ ದೋಣಿಗೆ ದಾರಿ. ಸಂದರ್ಶನಕ್ಕೆ ಕುಂತವನಲ್ಲ, ಕರೆದವರು ಮಾಡಬೇಕಾದ ಕೆಲಸ ಅದು. ಅವರು ಮಾಡಲಿಲ್ಲ, ನಕ್ಕರು. ಅವರು ಮಾಡುವವರೆಗೆ ನಾವು ಕಾಯುತ್ತ ಕೂಡುವುದಿಲ್ಲ. ನಮ್ಮವರಲ್ಲಿ ಯಾರ ದೋಣಿ ಮುಂದೆ ಹೋಗಿದೆಯೋ ಅವರು ಒಡೆಯಲಿ. ಆ ಹುಡುಗ ಈಗ ಇನ್ನೊಂದು ಪರೀಕ್ಷೆಗೆ ಓದುತ್ತಿದ್ದಾನೆ. ಸಂಜೆ ಕೇರಿಯ ಎಂಟು ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಾನೆ. ಮೊದಲನೆಯ ದಿನ ಅವನು ಹೇಳಿದ ಪಾಠ ಯಾವುದೆಂದು ಬೇರೆ ಹೇಳಬೇಕಿಲ್ಲ. ಹುಡುಗರೂ ನಕ್ಕರಂತೆ. ಆದರೆ ಈ ಸಲ ಅವನೂ ಕೂಡಿ ನಕ್ಕ.

ಜೈ ಭೀಮ್.